ಬೂದಿಯೊಳಗಿನ ಮೊಟ್ಟೆ

ಇವತ್ತು ಬೆಳಗ್ಗೆ ಅಡುಗೆಮನೆಯ ನೆಲದ ಮೇಲೆ ಹಳೇ ಪೇಪರು ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದೆ. ಒಂದು ಕಾಯಿ ಬಿಡಿಸಿದರೆ ಒಳಗೆ ಕಾಳಿನ ಜಾಗದಲ್ಲಿ ದಪ್ಪನೆಯ ಹಸಿರು ಹುಳು ಸುಖವಾಗಿ ಮಲಗಿತ್ತು. ಮಾರಿದವಳು "ಒಂದೇ ಒಂದು ಹುಳ ಸಿಕ್ಕಿದ್ರೆ ವಾಪಸ್ ತಂದ್ಕೊಡಿ ಅಕ್ಕಾ, ನಿಮ್ಮಾಣೆ" ಅಂದಿದ್ದಳು. ಕೇಳದೆ ಆಣೆ ಇಡುವವರನ್ನು ನಾನು ನಂಬುವುದಿಲ್ಲ. ಹಾಗಂತ ಹುಳುವೇ ಇಲ್ಲದ ಅವರೆಕಾಯಿಯನ್ನೂ ನಂಬುವುದಿಲ್ಲ. ಯಾವ ಔಷಧ ಹೊಡೆದಿದ್ದಾರೋ ಯಾರಿಗೆ ಗೊತ್ತು. ಒಟ್ಟಿನಲ್ಲಿ ಅವರೆಕಾಲದಲ್ಲಿ ನನಗೆ ನೆಮ್ಮದಿಯಿಲ್ಲ.

ಹುಳುವನ್ನು ಸಿಪ್ಪೆಸಮೇತ ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಹೋದವಳೇ "ಬಾ ಬಾ ಬಾ" ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ನೆನಪಾಯಿತು, ನಮ್ಮ ಹಿತ್ತಲಲ್ಲಿ ಕೋಳಿಗಳಿಲ್ಲದೆ ಎಷ್ಟೋ ಕಾಲವಾಯಿತು. ಹಿಂದಿನ ಕಟ್ಟಡದ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಹುಡುಗಿ ಯಾರನ್ನು ಕರೆಯುತ್ತಿದ್ದೀರಿ ಎಂಬಂತೆ ಬಗ್ಗಿ ನೋಡಿದಳು. ಫೋನಿನಲ್ಲಿ ಮಾತಾಡುತ್ತಿದ್ದವಳ ಹಾಗೆ ಕಿವಿಗೆ ಕೈ ಹಚ್ಚಿಕೊಂಡು ಒಳಗೆ ಬಂದೆ. ಅವಳು ನಂಬಿದಳೋ ಇಲ್ಲವೋ, ಅನುಮಾನವೇ.

ಆ ಕೋಳಿಗಳು ನನ್ನ ಅತ್ತೆ ಹೊನ್ನಮ್ಮನವರವು. ಕುಣಿಗಲ್ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಚಾಮರಾಜಪೇಟೆಯ ಈ ಮನೆಗೆ ಬಂದವರು. ಲಾಕ್‌ಡೌನೆಲ್ಲ ಮುಗಿದ ಮೇಲೆ ಒಮ್ಮೆ ತವರಿಗೆ ಹೋದವರು ಬರುವಾಗ ಕಾರಿನ ಡಿಕ್ಕಿಯಲ್ಲಿ ಬಿದಿರಿನ ಮಂಕರಿ ಇಟ್ಟುಕೊಂಡು ಬಂದರು. ಅದರೊಳಗೆ ಇನ್ನೂ ಮೊಟ್ಟೆಗೆ ಬಾರದ ನಾಟಿ ಹ್ಯಾಟೆಗಳು.

"ಅಮ್ಮಾ, ಇದು ಬೆಂಗಳೂರು" ಎಂದರು ನನ್ನ ಗಂಡ.

"ಬೆಂಗಳೂರಲ್ಲಿ ಕೋಳಿ ತಿನ್ನಲ್ವಾ?"

"ತಿಂತಾರೆ, ಸಾಕಲ್ಲ."

"ಅದಕ್ಕೇ ರುಚಿ ಇಲ್ಲ" ಎಂದು ಅತ್ತೆ ಮಂಕರಿಯ ಬಾಯಿ ಬಿಚ್ಚಿದರು.

ನನ್ನ ಅತ್ತೆಯ ಸ್ವಭಾವವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅವರು ಯಾವುದನ್ನೂ ಮೊದಲ ಸಲಕ್ಕೆ ನಂಬುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಟೀವಿಯಲ್ಲಿ ನಾಳೆ ಚಳಿ ಹೆಚ್ಚೆಂದರೆ "ಇವನು ಹೋಗಿ ನೋಡ್ಕೊಂಡು ಬಂದ್ನಾ?" ಎನ್ನುತ್ತಿದ್ದರು. ಹೊಸ ಸೊಸೆಯಾಗಿ ನಾನು ಮಾಡಿದ ಮೊದಲ ಸಾರನ್ನು ಬಾಯಿಗಿಟ್ಟು, "ಚೆನ್ನಾಗಿದೆ. ಏನು ಹಾಕಿದ್ದೀಯ?" ಎಂದು ಕೇಳಿದ್ದರು. ಆ "ಏನು" ಎಂಬುದರಲ್ಲಿ ಪೊಲೀಸು ಠಾಣೆಯ ದನಿಯಿತ್ತು. ಅವರಿಗೂ ಕೋಳಿಗೂ ಹೊಂದಿಕೆಯಾದದ್ದು ಇದಕ್ಕೇ ಇರಬೇಕು. ನೀವು ಕೋಳಿಯನ್ನು ಹತ್ತಿರದಿಂದ ನೋಡಿದ್ದೀರಾ? ಅದು ಯಾರನ್ನೂ ನೇರವಾಗಿ ನೋಡುವುದಿಲ್ಲ. ಮೊದಲು ಒಂದು ಕಣ್ಣಿನಿಂದ ನೋಡುತ್ತದೆ, ಆಮೇಲೆ ಕತ್ತು ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡುತ್ತದೆ, ಆ ಕಣ್ಣನ್ನು ಈ ಕಣ್ಣು ನಂಬಿಲ್ಲವೆಂಬ ಹಾಗೆ.

ಮೊಟ್ಟೆಯ ವಿಚಾರದಲ್ಲಿ ಅತ್ತೆಗೆ ಒಂದು ಕ್ರಮವಿತ್ತು. ಬೆಳಗ್ಗೆ ಗೂಡು ತೆಗೆದು, ಒಂದೊಂದೇ ಕೋಳಿಯನ್ನು ಕಂಕುಳಲ್ಲಿ ಅವುಚಿ ಹಿಡಿದು, ಬಾಲದ ಕೆಳಗೆ ಬೆರಳಿಟ್ಟು ನೋಡುತ್ತಿದ್ದರು. ಇವತ್ತು ಮೊಟ್ಟೆ ಇಡುವ ಕೋಳಿ ಬೆರಳಿಗೆ ಗೊತ್ತಾಗುತ್ತದೆ. ಅಂಥದ್ದನ್ನು ಮಂಕರಿ ಕವುಚಿ ಮುಚ್ಚಿಡುವುದು, ಮೊಟ್ಟೆ ಇಟ್ಟ ಮೇಲೆ ಬಿಡುವುದು. ಮಿಕ್ಕವನ್ನು ಆಗಲೇ ಹುಳ ಹೆಕ್ಕಲು ಅಟ್ಟುವುದು. ಹಾಗಾಗಿ ಅವರ ಕೋಳಿ ಕಂಡಕಂಡಲ್ಲಿ ಮೊಟ್ಟೆ ಇಡುವ ಪ್ರಶ್ನೆಯೇ ಇರಲಿಲ್ಲ. "ಬೆರಳು ಸುಳ್ಳು ಹೇಳಲ್ಲ" ಎನ್ನುತ್ತಿದ್ದರು. ಈ ಲೋಕದಲ್ಲಿ ಅವರು ನಂಬಿದ್ದ ಒಂದೇ ಒಂದು ವಸ್ತು ಆ ಬೆರಳು.

ಪಕ್ಕದ ಮನೆ ಶಿವಗಂಗಮ್ಮನವರದು. ಅವರ ಯಜಮಾನರಿಗೆ ಕಾಟನ್‌ಪೇಟೆಯಲ್ಲಿ ಗೋಣಿಚೀಲ, ಹಗ್ಗಗಳ ಹೋಲ್‌ಸೇಲ್ ಅಂಗಡಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬೆಳಗಾಗುವ ಮೊದಲೇ ಸ್ನಾನ ಪೂಜೆ. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವಿನ ಗೋಡೆಯಲ್ಲಿ ಒಂದು ಚಿಕ್ಕ ಬಾಗಿಲಿದೆ. ನಾನು ಬರುವ ಮೊದಲಿನಿಂದಲೂ ಅತ್ತೆ ಮತ್ತು ಅವರು ಆ ಬಾಗಿಲಲ್ಲಿ ನಿಂತು ಮಾತಾಡಿದ್ದಾರೆ, ಕೊತ್ತಂಬರಿ ಸೊಪ್ಪು ಕೊಟ್ಟು ಕರಿಬೇವು ತೆಗೆದುಕೊಂಡಿದ್ದಾರೆ. "ಹೊನ್ನಕ್ಕ" ಎಂದು ಅವರು, "ಗಂಗಾ" ಎಂದು ಇವರು; ಏಕವಚನದ ಸಲಿಗೆ.

ಕೋಳಿ ಬಂದಾಗ ಶಿವಗಂಗಮ್ಮನವರು ಮುಖ ಸಿಂಡರಿಸಿದರು. ಆದರೆ ಆ ಮಳೆಗಾಲದಲ್ಲಿ ಗೆದ್ದಲು ಅವರ ಹಿತ್ತಲ ಬಾಗಿಲಿನ ಚೌಕಟ್ಟನ್ನು ಅರ್ಧ ತಿಂದು ಮುಗಿಸಿತ್ತು, ಬಚ್ಚಲಲ್ಲಿ ಜಿರಳೆ, ಜರಿ. ನಮ್ಮ ಕೋಳಿಗಳು ಗೋಡೆ ಹಾರಿ ಹೋಗಿ ಎಲ್ಲವನ್ನೂ ಸ್ವಚ್ಛ ಮಾಡಿದವು. ಅಂದಿನಿಂದ ಅವರೇ ಬಾಗಿಲಿಗೆ ಬಂದು ಕೇಳತೊಡಗಿದರು: "ಹೊನ್ನಕ್ಕಾ, ನಿನ್ನ ಪಕ್ಷಿಗಳನ್ನ ಸ್ವಲ್ಪ ಕಳಿಸು." ಕೋಳಿ ಎಂಬ ಪದವನ್ನು ಅವರು ಬಾಯಲ್ಲಿ ಆಡುತ್ತಿರಲಿಲ್ಲ. ಕಳಿಸುವಾಗ ಒಂದೇ ಕರಾರು, ತಮ್ಮ ಹಿತ್ತಲಲ್ಲಿ ಮೊಟ್ಟೆ ಮಾತ್ರ ಬೀಳಕೂಡದು. ಅತ್ತೆ ಎದೆ ಮುಟ್ಟಿಕೊಂಡು ಹೇಳಿದ್ದರು, "ನನ್ನ ಕೋಳಿ ಮನೆ ಬಿಟ್ಟು ಇನ್ನೆಲ್ಲೂ ಇಡಲ್ಲ ಕಣೇ ಗಂಗಾ. ನಾನು ಬೆರಳಿಟ್ಟು ನೋಡೇ ಬಿಡೋದು." ಶಿವಗಂಗಮ್ಮನವರು ಕಿವಿ ಮುಚ್ಚಿಕೊಂಡರು, ಆದರೆ ಮಾತನ್ನು ನಂಬಿದರು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಎಳೆಮಕ್ಕಳಿಗೆ ನೀರು ಹಾಕುವುದರಲ್ಲಿ ನಮ್ಮ ಬೀದಿಯಲ್ಲಿ ಅತ್ತೆಯದು ದೊಡ್ಡ ಹೆಸರು. ಮಣೆಯ ಮೇಲೆ ಕೂತು, ಕಾಲು ನೀಡಿ, ಹಸುಗೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಕಣ್ಣು ಮೂಗಿಗೆ ಅಂಗೈ ಅಡ್ಡ ಹಿಡಿದು ನೀರು ಹುಯ್ದರೆ, ಕಿರುಚುತ್ತಿದ್ದ ಮಗು ಆಕಳಿಸುತ್ತಿತ್ತು. ಶಿವಗಂಗಮ್ಮನವರ ಮಗಳು ಉಮಾಳಿಗೂ ಹುಟ್ಟಿದಾಗ ನೀರು ಹಾಕಿದವರು ಇವರೇ. ಆ ಉಮಾ ಆಗ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. "ಮಗುಗೆ ನೀರು ಹಾಕೋದು ನೀನೇ" ಎಂದು ಶಿವಗಂಗಮ್ಮನವರು ಸೀಮಂತದ ದಿನವೇ ಹೇಳಿಬಿಟ್ಟಿದ್ದರು. ಅತ್ತೆ ಅಂದಿನಿಂದ ಹರಳೆಣ್ಣೆ ಎಲ್ಲಿ ಒಳ್ಳೆಯದು ಸಿಗುತ್ತದೆಂದು ವಿಚಾರಿಸತೊಡಗಿದರು, ಯಾರ ಉತ್ತರವನ್ನೂ ನಂಬದೆ. ಆ ಮಗುವಿಗಾಗಿ ಅವರು ಎಷ್ಟು ಕಾದಿದ್ದರೆಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಅಂಥ ಕೆಲಸ ಅವರಿಗೆ ಒದಗಿ ಬರಲಿಲ್ಲ. ನನಗೆ ಮಕ್ಕಳಾಗಲಿಲ್ಲ.

ಆ ವರ್ಷ ಚಳಿ ಸ್ವಲ್ಪ ಜೋರಾಗಿಯೇ ಬಂತು. ಬೆಳಗಿನ ಹೊತ್ತು ಎದುರು ಮನೆಯ ಸಂಪಿಗೆ ಮರ ಕಾಣದಷ್ಟು ಮಂಜು. ಬೀದಿಯ ಗಂಡಸರೆಲ್ಲ ಮಂಕಿಕ್ಯಾಪು ಹಾಕಿಕೊಂಡು ಯಾರು ಯಾರೆಂದು ಗುರುತು ಸಿಗದೆ, ನನ್ನ ಅನುಮಾನಗಳಿಗೆ ಬಹಳ ಅನುಕೂಲವಾಯಿತು. ಕೋಳಿಗಳು ಪುಕ್ಕ ಉದುರಿಸಿಕೊಂಡು, ಮೈ ಉಬ್ಬಿಸಿಕೊಂಡು ಗೂಡಿನ ಮೂಲೆ ಸೇರಿದವು. ಒಂದೊಂದೇ ಮೊಟ್ಟೆ ನಿಲ್ಲಿಸಿದವು. ಜೊತೆಗೆ ಕೋಳಿಹೇನು ಬೇರೆ ಬಿತ್ತು. ಸಣ್ಣ ಸಣ್ಣ ಹುಳ, ಹಿಡಿದ ಕೈಗೂ ಹತ್ತಿ ಮೈಯೆಲ್ಲ ತುರಿಕೆ. ಅತ್ತೆ ಬೇವಿನೆಣ್ಣೆಗೆ ಅರಿಶಿನ ಕಲಸಿ ಎಲ್ಲ ಕೋಳಿಗಳ ರೆಕ್ಕೆ ಸಂದಿಗೆ, ಹೊಟ್ಟೆಗೆ ಬಳಿದರು. ಹಿತ್ತಲ ತುಂಬ ಅರಿಶಿನದ ಕೋಳಿಗಳು ಓಡಾಡುತ್ತಿದ್ದವು, ಚಪ್ಪರಶಾಸ್ತ್ರದಿಂದ ತಪ್ಪಿಸಿಕೊಂಡು ಬಂದ ಹಾಗೆ.

ಅವುಗಳಲ್ಲಿ ಕಪ್ಪಿ ಎಂಬ ಕರೀ ಕೋಳಿ ಮಾತ್ರ ಬೇರೆ ಥರ. ಅದರ ಜುಟ್ಟು ಕೆಂಪಗೇ ಇತ್ತು. ಹೊತ್ತೇರಿದ ಮೇಲೆ ಗೋಡೆ ಮೇಲೆ ನಿಂತು ಮೊಟ್ಟೆ ಇಟ್ಟ ಕೋಳಿಯ ಹಾಗೆ ಕೇಕೆ ಹಾಕುತ್ತಿತ್ತು. ಆದರೆ ಬೆಳಗ್ಗೆ ಬೆರಳಿಟ್ಟು ನೋಡಿದರೆ ಖಾಲಿ. ಗೂಡಿನಲ್ಲೂ ಇಲ್ಲ. ಅತ್ತೆ ತಲೆ ಕೆಡಿಸಿಕೊಂಡರು. ಜುಟ್ಟು ಇಡುತ್ತದೆ ಎನ್ನುತ್ತದೆ, ಬೆರಳು ಇಲ್ಲ ಎನ್ನುತ್ತದೆ. ಬೆರಳಂತೂ ಸುಳ್ಳು ಹೇಳುವುದಿಲ್ಲ. ಅಂದಮೇಲೆ ಚಳಿಗೆ ಹೊತ್ತು ತಪ್ಪಿ ಕಪ್ಪಿ ನಸುಕಿನಲ್ಲೇ ಇಟ್ಟುಬಿಡುತ್ತಿದೆ, ಅತ್ತೆ ಏಳುವುದರೊಳಗೆ ಯಾರದೋ ಕೈ ಗೂಡಿನೊಳಗೆ ಬರುತ್ತಿದೆ.

ಮೊದಲ ಅನುಮಾನ ನನ್ನ ಮೇಲೆ. "ಬೆಳಗ್ಗೆ ಹಿತ್ತಲಿಗೆ ಹೋಗಿದ್ಯಾ?" ಎಂದು ಕಾಫಿ ಲೋಟದ ಮೇಲಿಂದ ನೋಡಿದರು. ಆಮೇಲೆ ಮಗನ ಮೇಲೆ. ಅವರು ಆಗಷ್ಟೇ ಜಿಮ್ಮಿಗೆ ಸೇರಿದ್ದರು. ಆಮೇಲೆ ಮುಂಗುಸಿಯ ಮೇಲೆ, ಆದರೆ ಮುಂಗುಸಿ ಚಿಪ್ಪು ಬಿಟ್ಟು ಹೋಗುತ್ತದೆ. ಕೊನೆಗೆ ಒಂದು ದಿನ ನಸುಕಿನಲ್ಲಿ ಗೋಡೆಯಾಚೆ ಶಿವಗಂಗಮ್ಮನವರ ಬಚ್ಚಲಲ್ಲಿ ಬೆಂಕಿಯ ಬೆಳಕು ಕಂಡಿತು. ಗೀಸರಿನ ನೀರು ಬಸುರಿಗೆ ಆಗುವುದಿಲ್ಲವೆಂದು ಅವರು ಹಳೆಯ ಹಂಡೆ ಒಲೆಯನ್ನು ಮತ್ತೆ ಹೊತ್ತಿಸಿದ್ದರು. ಅತ್ತೆಗಿಂತ ಮೊದಲು ಏಳುವವರು ಈ ಸುತ್ತಿನಲ್ಲಿ ಅವರೊಬ್ಬರೇ.

"ಛೆ, ಅವರು ಮೊಟ್ಟೆ ಮುಟ್ಟಲ್ಲ ಅತ್ತೆ" ಎಂದೆ.

"ಅವಳು ಮುಟ್ಟಲ್ಲ. ಮಗಳಿಗೆ ಡಾಕ್ಟ್ರು ತಿನ್ನು ಅಂದಿರ್ತಾರೆ. ಕೇಳೋಕೆ ನಾಚಿಕೆ." ಆಮೇಲೆ, "ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ? ಯಾರಿಗೂ ಗೊತ್ತಾಗದ ಹಾಗೆ ಬೇಯಿಸೇ ಕೊಡ್ತಿದ್ದೆ" ಎಂದರು. ಸಿಟ್ಟಿಗಿಂತ ನೋವೇ ಹೆಚ್ಚಿತ್ತು ಆ ಮಾತಿನಲ್ಲಿ. ಅವರ ಲೆಕ್ಕಾಚಾರದಲ್ಲಿ ನನಗೂ ತಪ್ಪೇನೂ ಕಾಣಲಿಲ್ಲ. ಈ ಮನೆಗೆ ಬಂದ ಮೇಲೆ ನನಗೂ ಆ ಗಾಳಿ ತಗುಲಿತ್ತು.

ಅದೇ ದಿನಗಳಲ್ಲಿ ಒಮ್ಮೆ ನಾನೂ ಅತ್ತೆಯೂ ತರಕಾರಿಗೆ ಹೊರಟಿದ್ದೆವು. ನಮ್ಮ ಬೀದಿ ಇನ್ನೆರಡು ರಸ್ತೆಗಳನ್ನು ಕೂಡುವ ಕಡೆ, ಮೋರಿಯ ಪಕ್ಕ, ಒಂದು ಮೊಟ್ಟೆ ಒಡೆದು ಬಿದ್ದಿತ್ತು. ಚಿಪ್ಪಿನ ಮೇಲೆ ಅರಿಶಿನ, ಸುತ್ತ ಬೂದಿ, ಒಂದು ಕರೀ ಪುಕ್ಕ, ಮೇಲೊಂದು ಹಿಡಿ ಉಪ್ಪು. ಅತ್ತೆ ನನ್ನ ರಟ್ಟೆ ಹಿಡಿದು ಎಳೆದರು. "ತುಳೀಬೇಡ! ಯಾರೋ ಪಾಪಿಗಳು ಮಾಟ ಮಾಡಿಸಿದಾರೆ. ಈ ಕಡೆಯಿಂದ ಬಾ." ಇಬ್ಬರೂ ಸೆರಗು ಎತ್ತಿ ಹಿಡಿದು ದೂರದಿಂದ ಸುತ್ತು ಹಾಕಿಕೊಂಡು ಹೋದೆವು. ಮನೆಗೆ ಬಂದು ಕಾಲು ತೊಳೆದೆವು. ನಮ್ಮ ಮನೆಯ ಮೊಟ್ಟೆಗೇ ಹೆದರಿ ಹಾಗೆ ಮಾಡಿದೆವೆಂದು ಆಗ ನಮಗೆ ಗೊತ್ತಿರಲಿಲ್ಲ. ನೀವು ಆಗಲೇ ಊಹಿಸಿರುತ್ತೀರಿ. ದೂರದಿಂದ ನೋಡುವವರಿಗೆ ಬೇಗ ಕಾಣುತ್ತದೆ.

ಗೋಡೆಯಾಚೆ ನಡೆಯುತ್ತಿದ್ದದ್ದು ಇಷ್ಟೇ. ಅತ್ತೆಯ ಬೆರಳು ಚಳಿಗೆ ಮರಗಟ್ಟಿತ್ತು. ಕಪ್ಪಿಯ ಹೊಟ್ಟೆಯಲ್ಲಿ ಮೊಟ್ಟೆ ಇದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಹೊರಗೆ ಬಿಟ್ಟ ಕಪ್ಪಿ ಹೇನಿನ ಕಾಟಕ್ಕೆ ಬೂದಿಯಲ್ಲಿ ಹೊರಳಲು ಗೋಡೆ ಹಾರಿ ಹಂಡೆ ಒಲೆಯೊಳಗೆ ಹೋಗುತ್ತಿತ್ತು. ಬೆಂಕಿ ಆರಿ ಬೂದಿ ಬೆಚ್ಚಗಿರುವ ಹೊತ್ತು. ಚಳಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವ ಕೋಳಿಗೆ ಸಿಕ್ಕೀತು? ಅಲ್ಲೇ ಮೊಟ್ಟೆ. ಮಾರನೆಯ ನಸುಕಿನಲ್ಲಿ ಬೂದಿ ತೆಗೆಯಲು ಬಗ್ಗಿದ ಶಿವಗಂಗಮ್ಮನವರ ಕಣ್ಣಿಗೆ ಕಾಣುತ್ತಿದ್ದದ್ದು ಬೂದಿಯ ನಡುವೆ ಅರಿಶಿನ ಹತ್ತಿದ ಮೊಟ್ಟೆ, ಪಕ್ಕದಲ್ಲಿ ಕರೀ ಪುಕ್ಕ. ಬಸುರಿ ಮಗಳು ಸ್ನಾನ ಮಾಡುವ ಬಚ್ಚಲಲ್ಲಿ. ಹೊನ್ನಕ್ಕನ ಕೋಳಿ ಬೇರೆ ಕಡೆ ಇಡುವುದಿಲ್ಲವೆಂದು ಹೊನ್ನಕ್ಕನೇ ಹೇಳಿದ್ದಾರೆ. ಅಂದಮೇಲೆ ಯಾರೋ ತಂದು ಇಟ್ಟದ್ದು. ಗೋಡೆಯ ಬಾಗಿಲಿನಿಂದ ಬರಬಲ್ಲವರು ಯಾರು? ಆಕೆ ಮೊಟ್ಟೆಯನ್ನು ಕೈಯಿಂದ ಮುಟ್ಟದೆ ತೆಂಗಿನ ಚಿಪ್ಪಿನಲ್ಲಿ ಎತ್ತಿಕೊಂಡು ಹೋಗಿ, ಮೂರು ದಾರಿ ಕೂಡುವಲ್ಲಿ ಒಡೆದು, ಉಪ್ಪು ಸುರಿದು, ಯಾರಿಗೂ ಹೇಳದೆ ಬರುತ್ತಿದ್ದರು.

ನಮಗೆ ಕಂಡದ್ದು ಬರೀ ಅವರ ಮುಖ. ಪಕ್ಷಿಗಳನ್ನು ಕಳಿಸೆಂದು ಕೇಳುವುದು ನಿಂತಿತು. ಗೋಡೆಯ ಬಾಗಿಲಿಗೆ ಆ ಕಡೆಯಿಂದ ಚಿಲಕ ಬಿತ್ತು. ಉಮಾ ಹಿತ್ತಲಿಗೆ ಬರುವುದು ನಿಂತಿತು. ಒಮ್ಮೆ ಮುಂಬಾಗಿಲಲ್ಲಿ ಕಂಡಾಗ ಅವಳ ಕೈಯಲ್ಲಿ ಅವರ ಮನೆಯ ಅಯ್ನೋರು ಮಂತ್ರಿಸಿ ಕೊಟ್ಟ ದಾರವಿತ್ತು. ಸಂಕ್ರಾಂತಿಗೆ ಎಳ್ಳು ಬೀರಲು ಬೀದಿಯ ಎಲ್ಲ ಮನೆಗೂ ಬಂದವರು ನಮ್ಮ ಮನೆ ದಾಟಿ ಹೋದರು. ನಾನು ಕಿಟಕಿಯಿಂದ ನೋಡಿದೆ. ಅತ್ತೆ ನೋಡಲಿಲ್ಲ, ಆದರೆ ಅವರೂ ಒಂದು ತಟ್ಟೆಯಲ್ಲಿ ಸಕ್ಕರೆ ಅಚ್ಚು ಜೋಡಿಸಿ ಇಟ್ಟುಕೊಂಡು ಸಂಜೆಯವರೆಗೆ ನಡುಮನೆಯಲ್ಲೇ ಕೂತಿದ್ದರು.

ಆಮೇಲೆ ಎರಡೂ ಮನೆಯ ಕೆಲಸಕ್ಕೆ ಬರುತ್ತಿದ್ದ ಲಕ್ಷ್ಮಿ ಸುದ್ದಿ ತಂದಳು. "ಮಗುಗೆ ನೀರು ಹಾಕೋಕೆ ಬೇರೆ ಹೆಂಗಸನ್ನ ಗೊತ್ತು ಮಾಡಿದಾರಂತೆ ಅಮ್ಮಾ, ಓಕಳಿಪುರದಿಂದ ಬರ್ತಾಳಂತೆ."

ಅತ್ತೆ ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿದರು. "ಕದ್ದವಳಿಗೆ ಮುಖ ತೋರ್ಸೋಕೆ ಹೇಗಾಗ್ತದೆ" ಎಂದರು. ಅಷ್ಟೇ. ಅವತ್ತು ಊಟ ಮಾಡಲಿಲ್ಲ. ಅವರಿಗೆ ಮೊಟ್ಟೆ ಹೋದದ್ದು ದೊಡ್ಡದಾಗಿರಲಿಲ್ಲ. ಮಗು ಕೈತಪ್ಪಿ ಹೋಯಿತು.

ಮಾರನೆಯ ದಿನ ಬಿಸಿಲು ಬಂದ ಮೇಲೆ ಅತ್ತೆ ಸಂಡಿಗೆ ಇಡುವ ನೆಪದಲ್ಲಿ ತಾರಸಿ ಹತ್ತಿ ಕೂತರು. ಜೊತೆಗೆ ನನ್ನನ್ನೂ ಕೂರಿಸಿಕೊಂಡರು, ಸಾಕ್ಷಿಗೆ. ಸಂಡಿಗೆ ಹಿಟ್ಟು ಇರಲಿಲ್ಲ, ಬರೀ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಕೂತಿದ್ದೆವು. ಕಪ್ಪಿ ಆ ಕಡೆ ಈ ಕಡೆ ನೋಡಿತು, ಒಂದು ಕಣ್ಣಿನಿಂದ, ಇನ್ನೊಂದರಿಂದ. ಗೋಡೆ ಹಾರಿತು. ನೇರವಾಗಿ ಶಿವಗಂಗಮ್ಮನವರ ಬಚ್ಚಲಿಗೆ ನಡೆದು ಒಳಗೆ ಹೋಯಿತು.

"ನೋಡ್ದಾ! ಕರೆದು ಒಳಗೇ ಇಟ್ಕೊಳ್ತಾಳೆ" ಎಂದು ಅತ್ತೆ ದಡದಡ ಇಳಿದರು. ಗೋಡೆಯ ಬಾಗಿಲಿಗೆ ಚಿಲಕವಿದ್ದದ್ದರಿಂದ ಬೀದಿಗೆ ಬಂದು, ಅವರ ಗೇಟು ತೆಗೆದು, ಪಕ್ಕದ ಓಣಿಯಿಂದ ಹಿತ್ತಲಿಗೆ ನುಗ್ಗಿದರು. ನಾನು ಹಿಂದೆ. ಬಚ್ಚಲೊಳಗೆ ಬಗ್ಗಿ, ಒಲೆಯ ಮುಂದೆ ಬಿದ್ದಿದ್ದ ಕರೀ ಪುಕ್ಕವೊಂದನ್ನು ಅತ್ತೆ ಎತ್ತಿ ಹಿಡಿದದ್ದೂ, ಪೊರಕೆ ಹಿಡಿದ ಶಿವಗಂಗಮ್ಮನವರು ಬಾಗಿಲಲ್ಲಿ ಬಂದು ನಿಂತದ್ದೂ ಒಂದೇ ಹೊತ್ತಿಗೆ.

"ಸಿಕ್ಕಿಬಿದ್ದೆ" ಎಂದರು ಶಿವಗಂಗಮ್ಮನವರು.

"ಯಾರು ಸಿಕ್ಕಿಬಿದ್ದಿದ್ದು? ನನ್ನ ಮೊಟ್ಟೆ ಕದ್ದು ತಿನ್ನೋದಲ್ದೆ..."

"ನಾನು? ಲಿಂಗ ಕಟ್ಟಿರೋ ಕೊರಳಿದು. ಮೊಟ್ಟೆ ತಂದಿಡ್ತಿರೋಳು ನೀನು. ಅರಿಶಿನ ಹಚ್ಚಿ, ಪುಕ್ಕ ಇಟ್ಟು, ನನ್ನ ಮಗಳು ಸ್ನಾನ ಮಾಡೋ ಜಾಗದಲ್ಲಿ! ನಿನ್ನ ಮನೇಲಿ ತೊಟ್ಟಿಲು ತೂಗ್ಲಿಲ್ಲ ಅಂತ ನನ್ನ ಮಗಳ ಬಸಿರಿನ ಮೇಲೆ ಕಣ್ಣಾ ನಿಮಗೆ?"

ನಾನು ಅತ್ತೆಯ ಬೆನ್ನ ಹಿಂದೆಯೇ ನಿಂತಿದ್ದೆ. ಶಿವಗಂಗಮ್ಮನವರು ನನ್ನನ್ನು ನೋಡಿದರು, ನೋಡಿ ಕಣ್ಣು ತೆಗೆದರು. ಮಾತು ಹೊರಗೆ ಬಿದ್ದಾಗಿತ್ತು. ಬೀದಿಯಲ್ಲಿ, ಮದುವೆ ಮನೆಗಳಲ್ಲಿ, ಅರಿಶಿನ ಕುಂಕುಮಕ್ಕೆ ಕರೆದ ಕಡೆಗಳಲ್ಲಿ ಜನ ನನ್ನ ಬಗ್ಗೆ ಹೀಗೆ ಅಂದುಕೊಳ್ಳುತ್ತಿರಬಹುದೆಂದು ನನಗೆ ಯಾವಾಗಲೂ ಅನುಮಾನವಿತ್ತು. ನನ್ನ ಒಂದು ಅನುಮಾನವಾದರೂ ನಿಜವೆಂದು ಅವತ್ತು ಗೊತ್ತಾಯಿತು. ಅದರಿಂದ ಯಾವ ಸಂತೋಷವೂ ಆಗಲಿಲ್ಲ.

ಅಷ್ಟರಲ್ಲಿ ಒಲೆಯೊಳಗಿನಿಂದ ಬೂದಿ ಎದ್ದಿತು. ಕಪ್ಪಿ ಹೊರಗೆ ಬಂತು, ಮೈ ಕೊಡವಿತು, ಎಲ್ಲರ ಮೇಲೂ ಬೂದಿ ಎರಚಿತು, ಕತ್ತು ಚಾಚಿ ಕೇಕೆ ಹಾಕಿತು. ಒಲೆಯೊಳಗೆ ಅರಿಶಿನ ಹತ್ತಿದ ಮೊಟ್ಟೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಉಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಕೋಳಿ ಇಟ್ಟಿದೆ ಕಣಮ್ಮಾ! ಅದೇ ಬಂದು ಇಟ್ಟು ಹೋಗ್ತಿದೆ!"

ಬೇರೆ ಯಾರೂ ನಗಲಿಲ್ಲ. ಶಿವಗಂಗಮ್ಮನವರು ತಮ್ಮ ಜೀವಮಾನದಲ್ಲಿ ಕೋಳಿ ಮೊಟ್ಟೆ ಇಡುವುದನ್ನು ನೋಡಿದವರಲ್ಲ. ಪೊರಕೆ ಹಿಡಿದೇ ನಿಂತಿದ್ದರು. ಅತ್ತೆ ಮೊಟ್ಟೆಯನ್ನು ನೋಡಲಿಲ್ಲ. ತಮ್ಮ ಬೆರಳನ್ನು ನೋಡುತ್ತಿದ್ದರು. "ಬೆಳಗ್ಗೆ ನೋಡಿದ್ನಲ್ಲ... ಇರ್ಲಿಲ್ವಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮೊಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಕಪ್ಪಿಯನ್ನು ಕಂಕುಳಲ್ಲಿ ಅವುಚಿಕೊಂಡು, ಬಂದ ದಾರಿಯಲ್ಲೇ ಹೊರಟರು.

ಮೊಟ್ಟೆಯ ವಿಚಾರ ತಿಳಿಯಾಯಿತು, ಮನಸ್ಸು ತಿಳಿಯಾಗಲಿಲ್ಲ. ಕಳ್ಳಿ ಎಂದದ್ದನ್ನೂ ಮಾಟ ಎಂದದ್ದನ್ನೂ ಕೋಳಿ ಬಂದು ಅಳಿಸಲಾರದು. ಇಷ್ಟು ವರ್ಷ ಕರಿಬೇವು, ಕೊತ್ತಂಬರಿ ಕೊಟ್ಟವಳು ತನ್ನ ಬಗ್ಗೆ ಹೀಗೂ ಯೋಚಿಸಬಲ್ಲಳು ಎಂದು ಇಬ್ಬರಿಗೂ ಗೊತ್ತಾಗಿಹೋಗಿತ್ತು. ಬೀದಿಯಲ್ಲಿ ಎದುರಾದರೆ "ಚೆನ್ನಾಗಿದೀರಾ?" "ಇದೀವಿ, ನೀವು?" ಎಂದು ಬಹುವಚನದಲ್ಲಿ ಮಾತಾಡಿ ಮುಂದೆ ಹೋಗುತ್ತಿದ್ದರು. ನಾನು ಅಷ್ಟೂ ಮಾತಾಡುತ್ತಿರಲಿಲ್ಲ. ಅತ್ತೆ ಅದಾದ ಮೇಲೆ ಕೋಳಿಗಳನ್ನು ಬೆರಳಿಟ್ಟು ನೋಡುವುದನ್ನೇ ಬಿಟ್ಟರು, ಎಲ್ಲವನ್ನೂ ಮಧ್ಯಾಹ್ನದವರೆಗೆ ಕೂಡಿಹಾಕುತ್ತಿದ್ದರು.

ಶಿವರಾತ್ರಿಗೆ ಸ್ವಲ್ಪ ಮೊದಲು ಉಮಾಳಿಗೆ ಗಂಡುಮಗುವಾಯಿತು. ಓಕಳಿಪುರದ ಹೆಂಗಸು ನೀರು ಹಾಕಲು ಬರತೊಡಗಿದಳು. ದಿನಾ ಬೆಳಗ್ಗೆ ಗೋಡೆಯಾಚೆಯಿಂದ ಮಗುವಿನ ಕಿರುಚಾಟ. ಈ ಕಡೆ ಅತ್ತೆ ಕೂತಲ್ಲಿ ಕೂರಲಾರರು. "ಕಿವಿಗೆ ನೀರು ಬಿಡ್ತಿದಾಳೆ... ಕತ್ತು ಹಿಡ್ಕೊಂಡಿಲ್ಲ ಅವಳು, ಕೇಳು, ದನಿ ಕೇಳಿದ್ರೇ ಗೊತ್ತಾಗ್ತದೆ" ಎನ್ನುತ್ತ ಹಿತ್ತಲಲ್ಲಿ ಗೋಡೆಯುದ್ದಕ್ಕೂ ಓಡಾಡುತ್ತಿದ್ದರು. ಆದರೆ ಕರೆಯದೆ ಹೋಗುವವರಲ್ಲ.

ಒಂದು ಬೆಳಗ್ಗೆ ಚಿಲಕ ತೆಗೆದ ಸದ್ದಾಯಿತು. ಬಾಗಿಲಲ್ಲಿ ಶಿವಗಂಗಮ್ಮನವರು ನಿಂತಿದ್ದರು, ನಿದ್ದೆಗೆಟ್ಟ ಕಣ್ಣು.

"ಹೊನ್ನಮ್ಮೋರೇ, ನೀರು ಕಾದಿದೆ. ಬರ್ತೀರಾ?"

ಅತ್ತೆ ಎದ್ದು ನಿಂತರು. ತಮ್ಮ ಕೈ ನೋಡಿಕೊಂಡರು. "ನನ್ನ ಬೆರಳಿಗೆ ಈಗ ಏನೂ ಗೊತ್ತಾಗಲ್ಲ. ನೀರಿನ ಬಿಸಿಯೂ ತಿಳಿಯಲ್ಲ" ಎಂದರು. ಅತ್ತೆ ತಮ್ಮಲ್ಲೇನೋ ಕೊರತೆಯಿದೆಯೆಂದು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ತಲೆಯೆತ್ತಿ, "ಬಿಸಿ ನೋಡಿ ನೀರು ಹುಯ್ಯೋಕೆ ನನ್ನ ಸೊಸೆ ಬರ್ತಾಳೆ. ಅವಳು ಬಂದ್ರೆ ನಾನು ಬರ್ತೀನಿ. ಆಗುತ್ತಾ?" ಎಂದರು.

ನನಗೆ ಎಲ್ಲಿಗಾದರೂ ಓಡಿಹೋಗಬೇಕೆನಿಸಿತು. ನನ್ನ ಸಾರನ್ನೂ ನಂಬದ ಅತ್ತೆ, ಮಗುವಿಗಾಗಿ ಅಷ್ಟು ಆಸೆಪಟ್ಟ ಅತ್ತೆ, ಆ ಮಗುವನ್ನೇ ಪಣಕ್ಕಿಟ್ಟು ನನ್ನ ಪರವಾಗಿ ನಿಂತಿದ್ದರು. ಗೋಡೆಯಾಚೆ ಮಗು ಅಳುತ್ತಿತ್ತು. ಶಿವಗಂಗಮ್ಮನವರು ನೆಲ ನೋಡುತ್ತ ನಿಂತರು.

"ಬರ್ಲಿ" ಎಂದರು.

ಹಾಗೆ ನಾನು ಆ ಬಚ್ಚಲಿಗೆ ಹೋದೆ. ಅತ್ತೆ ಕಾಲು ನೀಡಿ ಕೂತರು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರು. ನಾನು ಮೊಣಕೈ ಅದ್ದಿ ಬಿಸಿ ನೋಡಿ ಚೊಂಬಿನಿಂದ ಹುಯ್ಯುತ್ತಿದ್ದೆ. ಮಗು ಅಳು ನಿಲ್ಲಿಸಿ ಆಕಳಿಸಿತು. ಶಿವಗಂಗಮ್ಮನವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದರು. ಮಗುವನ್ನಲ್ಲ, ನನ್ನ ಕೈಯನ್ನು. ಮಾರನೆಯ ದಿನವೂ ನಿಂತರು, ಅದರ ಮಾರನೆಯ ದಿನವೂ. ನನಗೆ ಸಿಟ್ಟು ಬರುತ್ತಿತ್ತು, ಮನೆಗೆ ಬಂದು ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಿದ್ದೆ. ಬರುಬರುತ್ತ ಅತ್ತೆ "ಕತ್ತಿನ ಕೆಳಗೆ ನೀನು ಹಿಡ್ಕೋ", "ತಲೆ ನೀನು ತೊಳಿ" ಎಂದು ಒಂದೊಂದೇ ಕೆಲಸ ನನಗೆ ದಾಟಿಸಿದರು. ಕೊನೆಗೊಂದು ದಿನ ಮಣೆಯನ್ನೂ ಬಿಟ್ಟುಕೊಟ್ಟು, ತಾವು ಚೊಂಬು ಹಿಡಿದು ಕೂತರು.

ಚಳಿ ಹೋಗಿ ಬಿಸಿಲು ಬಲಿತ ಮೇಲೆ, ಒಂದು ಬೆಳಗ್ಗೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಅತ್ತೆಗೆ ಅನುಮಾನ ಬಂತು. "ಇವತ್ಯಾಕೆ ನಿಂತಿಲ್ಲ ಅವಳು? ಏನ್ ಮಾಡ್ತಿದಾಳೆ ನೋಡು" ಎಂದು ಪಿಸುಗುಟ್ಟಿದರು. ನಾನು ಕತ್ತು ಚಾಚಿ ನೋಡಿದೆ. ಅಡುಗೆಮನೆಯಲ್ಲಿ ಶಿವಗಂಗಮ್ಮನವರು ನಮಗೆ ಬೆನ್ನು ಹಾಕಿ ಬಾಣಂತಿಗೆ ಬೆಳ್ಳುಳ್ಳಿ ಹುರಿಯುತ್ತಿದ್ದರು.

"ಬೆಳ್ಳುಳ್ಳಿ ಹುರೀತಿದಾರೆ ಅತ್ತೆ. ಈ ಕಡೆ ನೋಡ್ತಿಲ್ಲ."

ಅತ್ತೆ ಚೊಂಬನ್ನು ಕೆಳಗಿಟ್ಟರು. "ಅವಳು ನಿಂತಿದ್ದಾಗ್ಲೇ ಚೆನ್ನಾಗಿತ್ತು. ಈಗ ಹೆದರಿಕೆ ಆಗ್ತದೆ ಕಣೇ. ಹುಷಾರಾಗಿ ಹಿಡ್ಕೋ" ಎಂದರು.

ಅತ್ತೆ ತೀರಿಕೊಂಡ ಮೇಲೆ ಕೋಳಿಗಳನ್ನು ಊರಿಗೆ ಕಳಿಸಿದೆವು. ನನಗೆ ಅವುಗಳ ಮೇಲೂ ಅವಕ್ಕೆ ನನ್ನ ಮೇಲೂ ಅಷ್ಟೇನೂ ವಿಶ್ವಾಸವಿರಲಿಲ್ಲ. ಉಮಾಳ ಮಗ ಈಗ ಸ್ಕೂಲಿಗೆ ಹೋಗುತ್ತಾನೆ. ಅವಳು ಎರಡನೆಯ ಬಾಣಂತನಕ್ಕೆ ತವರಿಗೆ ಬಂದು, ಮೊನ್ನೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಹೆಣ್ಣುಮಗು. ಈ ಸಲ ನೀರು ಹಾಕುವವರು ಯಾರೆಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನನ್ನನ್ನು ಕರೆಯುವುದಿಲ್ಲವೆಂದೇ ಅಂದುಕೊಂಡಿದ್ದೆ. ಅತ್ತೆ ಇದ್ದಾಗ ಅವರ ಕರಾರಿಗೆ ಒಪ್ಪಿದ್ದರು, ಈಗ ಕರಾರು ಹಾಕುವವರು ಯಾರು?

ಇದನ್ನೆಲ್ಲ ಯೋಚಿಸುತ್ತ ಅವರೆಕಾಯಿಯ ಮುಂದೆ ಕೂತಿದ್ದಾಗ ಗೋಡೆಯ ಬಾಗಿಲಲ್ಲಿ ಶಿವಗಂಗಮ್ಮನವರು ಕಾಣಿಸಿಕೊಂಡರು. ಮಗು ಅವರ ತೋಳಿನಲ್ಲೇ ಇತ್ತು, ಬಟ್ಟೆಯಲ್ಲಿ ಸುತ್ತಿ.

"ನೀರು ಕಾದಿದೆ ಕಣಮ್ಮಾ, ಬಾ" ಎಂದರು.

ನಾನು ಕೈ ತೊಳೆದುಕೊಂಡು ಹೋದೆ. ಮಣೆ ಹಾಕಿಕೊಂಡು ಕಾಲು ನೀಡಿ ಕೂತೆ. ಅವರು ಮಗುವನ್ನು ನನ್ನ ಕಾಲಿನ ಮೇಲೆ ಮಲಗಿಸಿದರು. ಚೊಂಬಿನಿಂದ ಹುಯ್ಯಲು ಲಕ್ಷ್ಮಿ ನಿಂತಿದ್ದಳು. ಶಿವಗಂಗಮ್ಮನವರು ಚೌಕಟ್ಟಿಗೆ ಒರಗುತ್ತಾರೆಂದು ನಾನು ಕಾದೆ.

"ನಿಂತು ನೋಡಲ್ವಾ ಆಂಟಿ?" ಎಂದು ಕೇಳಿಯೇಬಿಟ್ಟೆ.

"ನೋಡೋದೇನಿದೆ? ರಾತ್ರಿಯೆಲ್ಲ ನಿದ್ದೆಯಿಲ್ಲ. ನೀನು ನೀರು ಹಾಕ್ತಿರು, ನಾನು ಸ್ವಲ್ಪ ಅಡ್ಡಾಗ್ತೀನಿ."

ಹಿಂದಿರುಗಿ ನೋಡದೆ ಒಳಗೆ ಹೋದರು. ನಾನು ಮಗುವಿನ ಎದೆಗೆ ಎಣ್ಣೆ ಹಚ್ಚುತ್ತಿದ್ದೆ. ಸ್ವಲ್ಪ ಹೊತ್ತಿಗೆ ನಡುಮನೆಯಿಂದ ಗೊರಕೆ ಕೇಳಿಸಿತು. ಕೈ ನಿಲ್ಲಿಸಿ, ಕಿವಿಗೊಟ್ಟು ಕೇಳಿದೆ. ನಿಜವಾದ ಗೊರಕೆಯೇ.